ಪಿಕಪ್ಪಿನ ಒಲೆ

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಒಂದು ತೊಟ್ಟು ನೀರು. ಬಾಳೂರಿನ ಮೇಲುಭಾಗದಲ್ಲಿ ತೋಟ ಮಾಡಿಕೊಂಡಿದ್ದ ತಿಮ್ಮಪ್ಪಗೌಡರ ಡ್ರೈವರ್ ಕೆಂಚಯ್ಯ ಬೆಳಗ್ಗೆ ಪಿಕಪ್ ಗಾಡಿ ಚಾಲೂ ಮಾಡಿ, ಎಡಗಡೆ ಸೀಟಿಗೆ ಹಾಸಿದ ಕಂಬಳಿಯನ್ನು ಸರಿಮಾಡಲು ಬಗ್ಗಿದ. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಬಿಸಿನೀರಿನ ಹನಿಯೊಂದು ಟಪ್ಪೆಂದು ಅವನ ಮುಂಗೈ ಮೇಲೆ ಬಿತ್ತು.

ಆ ಗಾಡಿ ಮೊದಲು ಒಬ್ಬ ಬಿಳಿ ದೊರೆಯದಾಗಿತ್ತು. ಹಿಮ ಬೀಳುವ ಸೀಮೆಯಲ್ಲಿ ಹುಟ್ಟಿದ್ದರೂ ದೊರೆಸಾನಿಗೆ ನಮ್ಮ ಮಳೆಗಾಲದ ಥಂಡಿ ತಡೆಯಲಾಗದೆ, ದೊರೆ ಗಾಡಿಯೊಳಗೆ ಕಾಲಿಡುವ ಕಡೆ ಒಂದು ಹೀಟರ್ ಕೂರಿಸಿದ್ದ. ಇಂಜಿನ್ನಿನ ಬಿಸಿನೀರು ರಬ್ಬರ್ ಕೊಳವೆಯಲ್ಲಿ ಬಂದು, ಪೆಟ್ಟಿಗೆಯೊಳಗಿನ ಹಿತ್ತಾಳೆ ಜಾಲರಿಯನ್ನೆಲ್ಲ ಸುತ್ತಿ ವಾಪಸು ಹೋಗುತ್ತಿತ್ತು. ಅದರ ಕಾವನ್ನು ಒಂದು ಪುಟ್ಟ ಫ್ಯಾನು ಕೂತವರ ಕಾಲಿಗೆ ಊದುತ್ತಿತ್ತು. ದೊರೆ ತೋಟವನ್ನೂ ಗಾಡಿಯನ್ನೂ ಗೌಡರಿಗೆ ಮಾರಿ ಹಡಗು ಹತ್ತಿದ ಮೇಲೆ, ತೋಟದವರು ಹೀಟರಿಗೆ ‘ಒಲೆ’ ಎಂದು ಹೆಸರಿಟ್ಟುಕೊಂಡಿದ್ದರು.

ಬೇರೆ ದಿನವಾಗಿದ್ದರೆ ಕೆಂಚಯ್ಯ ಆ ಹನಿಯನ್ನು ಒರೆಸಿ ಸುಮ್ಮನಾಗುತ್ತಿದ್ದ. ಆದರೆ ನಾಳೆ ಅಮಾವಾಸ್ಯೆ, ನಾಡಿದ್ದು ಆಷಾಢ. ಹೊಸ ಹೆಂಡತಿ ಮುದ್ದಮ್ಮನನ್ನು ಇವತ್ತೇ ಕಳಸದ ತವರಿಗೆ ಬಿಟ್ಟು ಬರಬೇಕು. ಕಳಸಕ್ಕೆ ಹೇಗೂ ಕಾಳುಮೆಣಸಿನ ಮೂಟೆ ಹೋಗುವುದಿತ್ತಾದ್ದರಿಂದ ಗೌಡರು, “ಹೆಂಡ್ತೀನೂ ಗಾಡೀಲೇ ಕರ್ಕೊಂಡು ಹೋಗೋ” ಎಂದಿದ್ದರು. ಆ ಮಾತು ಕೇಳಿದ ರಾತ್ರಿ ಕೆಂಚಯ್ಯನಿಗೆ ನಿದ್ದೆಯೇ ಬಂದಿರಲಿಲ್ಲ. ಯಾಕೆಂದರೆ ಅವನ ಮಾವ ಜವರಯ್ಯನಿಗೆ ಮದುವೆಯ ದಿನದಿಂದಲೂ ಒಂದು ಅನುಮಾನ. “ಡ್ರೈವರ್ ಅಂತ ಹೇಳಿ ಹೆಣ್ಣು ಕೇಳಿದ್ರು. ಬರೋದು ನೋಡಿದ್ರೆ ಯಾವಾಗ್ಲೂ ಬಸ್ಸಲ್ಲಿ. ಗಾಡಿ ತೊಳೆಯೋ ಕ್ಲೀನರೋ ಏನೋ, ಯಾರಿಗೆ ಗೊತ್ತು?” ಎಂದು ಆತ ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದ. ಇವತ್ತು ಸ್ಟಿಯರಿಂಗು ಹಿಡಿದು, ಪಕ್ಕದಲ್ಲಿ ಹೆಂಡತಿಯನ್ನು ಬೆಚ್ಚಗೆ ಕೂರಿಸಿಕೊಂಡು, ಮಾವನ ಅಂಗಳದಲ್ಲಿ ಹಾರನ್ ಒತ್ತಿದರೆ ಆ ಬಾಯಿ ತಾನಾಗಿ ಮುಚ್ಚುತ್ತದೆ. ಅಂಥ ಗಳಿಗೆಯಲ್ಲಿ ಮುದ್ದಮ್ಮನ ಹೊಸ ಸೀರೆಯ ಮೇಲೆ ತುಕ್ಕುನೀರು ತೊಟ್ಟಿಕ್ಕಿದರೆ ಹೇಗೆ?

“ಒಲೆ ಸೋರ್ತಾ ಉಂಟನಾ?” ಎನ್ನುತ್ತ ತೋಟದಾಳುಗಳ ಮೇಸ್ತ್ರಿ ಗುರುವಯ್ಯ ಬಂದ. ಯಾವ ಗಾಡಿಯ ಬಾನೆಟ್ ಎತ್ತಿದರೂ ಮೊದಲು ಬಗ್ಗುವ ತಲೆ ಅವನದು. “ಒಂದು ಮುಷ್ಟಿ ರಾಗಿಹಿಟ್ಟು ಹಾಕು ಮಾರಾಯ. ಆಲ್ದೂರಿನ ಲಾರಿಯೋರೆಲ್ಲ ಅದನ್ನೇ ಮಾಡಾದು. ಬಿಸಿನೀರಲ್ಲಿ ಬೆಂದು ತೂತಿಗೆ ಮೆತ್ತಿಕೊಳ್ತದೆ.”

ಕೆಂಚಯ್ಯ ರೇಡಿಯೇಟರಿಗೆ ಒಂದು ಮುಷ್ಟಿ ರಾಗಿಹಿಟ್ಟು ಸುರಿದ. ಹನಿ ನಿಲ್ಲಲಿಲ್ಲ.

ಆಫೀಸಿನಿಂದ ತೋಟದ ಲೆಕ್ಕ ಬರೆಯುವ ರೈಟರ್ ಓಂಕಾರಮೂರ್ತಿ ಕೊಡೆ ಹಿಡಿದು ಬಂದರು. “ರಾಗಿಗೆ ಹಿಡಿತ ಎಲ್ಲಿರ್ತದೋ? ಅದಕ್ಕೆ ಕೋಳಿಮೊಟ್ಟೆಯ ಬಿಳಿ ಆಗ್ಬೇಕು. ನಾನು ಮೊಟ್ಟೆ ಮುಟ್ಟೋನಲ್ಲ, ಆದ್ರೆ ಶಾಸ್ತ್ರ ಗೊತ್ತು” ಎಂದರು. ಎರಡು ಮೊಟ್ಟೆ ಹೋಯಿತು. ಅಷ್ಟರಲ್ಲಿ ಸೀರೆ ಉಟ್ಟು, ಹೂ ಮುಡಿದು ಸಿದ್ಧಳಾಗಿ ಬಂದ ಮುದ್ದಮ್ಮ, “ಒಂಚೂರು ಮೆಂತ್ಯದ ಹಿಟ್ಟೂ ಹಾಕಿ ನೋಡಿ, ಭಾರಿ ಅಂಟು” ಎಂದಳು. ಮೇಸ್ತ್ರಿಯ ಮಾತು ಕೇಳಿ, ರೈಟರ ಮಾತೂ ಕೇಳಿದ ಮೇಲೆ ಕಟ್ಟಿಕೊಂಡವಳ ಮಾತು ಬಿಡಲುಂಟೇ? ಅದೂ ಹೋಯಿತು.

ಹನಿ ನಿಂತೇಬಿಟ್ಟಿತು. ಗುರುವಯ್ಯ ತನ್ನ ರಾಗಿಯಿಂದ ಎಂದ, ರೈಟರು ತಮ್ಮ ಮೊಟ್ಟೆಯಿಂದ ಎಂದರು. ಯಾವುದಕ್ಕೂ ಪರೀಕ್ಷೆ ಮಾಡಿಬಿಡೋಣವೆಂದು ರೈಟರೇ ಎಡಗಡೆ ಸೀಟಿನಲ್ಲಿ ಕೂತು, “ಇಂಜಿನ್ ಜೋರು ಮಾಡೋ” ಎಂದು ಅಪ್ಪಣೆ ಕೊಟ್ಟರು. ಕೆಂಚಯ್ಯ ಜೋರು ಮಾಡಿದ. ಒಳಗೆ ಕಟ್ಟಿಕೊಂಡ ಜಾಲರಿ ಒಮ್ಮೆ ಗುಡುಗುಡು ಎಂದು, ಬಾಯಿ ಬಿಟ್ಟು, ಹೊಟ್ಟೆಯಲ್ಲಿದ್ದುದನ್ನೆಲ್ಲ ರೈಟರ ಕಚ್ಚೆಪಂಚೆಯ ಮೇಲೆ ಕಾರಿಕೊಂಡಿತು. ರೈಟರು ಕೊಡೆಯನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಹಾರಿದರು. ಎಲ್ಲಿದ್ದವೋ ಏನೋ, ತೋಟದ ಕೋಳಿಗಳೆಲ್ಲ ಓಡಿಬಂದು ಗಾಡಿಯ ಕೆಳಗೆ ಸೋರಿದ ಗಂಜಿಯನ್ನು ಕುಕ್ಕತೊಡಗಿದವು.

ಗದ್ದಲ ಕೇಳಿ ಗೌಡರು ಹೊರಗೆ ಬಂದರು. “ಎಂತದೋ ಇದು ಕೆಂಚ? ಗಾಡಿಗೆ ಅಂಬಲಿ ಕುಡಿಸಿದ್ಯಾ?”

ಕೆಂಚಯ್ಯನಿಗೆ ಅಳು ಬಾಯಿಗೆ ಬಂದಿತ್ತು. “ತಪ್ಪಾಯ್ತು ಅಯ್ಯಾ. ಇವತ್ತು ಹೊರಡದಿದ್ರೆ ಮಾವನ ಮುಂದೆ ನಾನು ತಲೆ ಎತ್ತಾದು ಹೆಂಗೆ?” ಎಂದ.

ಗೌಡರದು ಬೇಗ ಬಿಸಿಯಾಗಿ ಬೇಗ ಆರುವ ಜೀವ. ಗಡ್ಡ ಕೆರೆದುಕೊಂಡು, “ದೊರೆ ಇಂಥದೇ ಇನ್ನೊಂದು ಜಾಲರಿ ತರ್ಸಿಟ್ಟಿದ್ದ ಕಣೋ. ಗಾಡಿ ಜೊತೆಗೇ ಕೊಟ್ಟಿದ್ದ. ಅದೆಲ್ಲಿ ಹೋಯ್ತು?” ಎಂದರು.

ಅದು ಗೌಡರ ತಾಯಿ ಪಾಪಮ್ಮನವರ ಅಡುಗೆಮನೆಯಲ್ಲಿತ್ತು. ಒಲೆಯ ಮೇಲಿನ ಅಟ್ಟದಲ್ಲಿ, ಸಂಡಿಗೆ ಹರವಿಕೊಂಡು ಹಾಯಾಗಿ ಮಲಗಿತ್ತು. “ಇಷ್ಟು ಚಂದದ ಸಂಡಿಗೆ ಜಾಲರಿ ಗಾಡಿಗೆ ಯಾತಕ್ಕೆ? ಗಾಡೀಲಿ ಸಂಡಿಗೆ ಒಣಗಿಸ್ತೀರಾ?” ಎಂದು ಮುದುಕಿ ಜಗಳ ತೆಗೆದರು. ಮಗ ಕೈಮುಗಿದ ಮೇಲೆ ಸಂಡಿಗೆಯನ್ನು ಒಂದೊಂದಾಗಿ ಬಿಡಿಸಿ ಕೊಟ್ಟರು.

ಕೆಂಚಯ್ಯ ಕೆಲಸಕ್ಕೆ ಬಿದ್ದ. ರೇಡಿಯೇಟರಿನ ಗಂಜಿಯನ್ನೆಲ್ಲ ಇಳಿಸಿ, ತಿಳಿನೀರು ಬರುವವರೆಗೆ ತೊಳೆದ. ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ, ಕಾಲನ್ನು ಬಾಗಿಲಾಚೆಗೆ ಚಾಚಿ ಅಂಗಾತ ಮಲಗಿದ. ಮುದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಪ್ಯಾನರು ಎತ್ತಿ ಕೊಡುತ್ತಿದ್ದಳು. ಕೊಳವೆ ಕಿತ್ತು, ಪೆಟ್ಟಿಗೆ ಬಿಚ್ಚಿ, ಒಡೆದ ಜಾಲರಿ ತೆಗೆದು ಹೊಸದನ್ನು ಕೂರಿಸಿದ. ಕೊಳವೆಗಳನ್ನು ತಿರುಗಿ ಸಿಕ್ಕಿಸಿ, ಅವುಗಳ ಬಾಯಿಗೆ ಸುತ್ತಿದ ತಗಡಿನ ಪಟ್ಟಿಗಳನ್ನು ಹಲ್ಲುಕಚ್ಚಿ ಬಿಗಿದ. ಗುರುವಯ್ಯ ಮಾತ್ರ ಹೊರಗಿನಿಂದ, “ಹಂಗಲ್ಲ ಮಾರಾಯ, ಹಿಂಗೆ” ಎನ್ನುತ್ತಲೇ ಇದ್ದ. ಹಿಂಗೆ ಎಂದರೆ ಹೆಂಗೆ ಎಂದು ಒಳಗಿದ್ದವನಿಗೆ ಕಾಣಿಸುತ್ತಿರಲಿಲ್ಲ, ಅದೇ ಒಳ್ಳೆಯದಾಯಿತು.

ಇಂಜಿನ್ ಕಾದಾಗ ಒಂದು ಹನಿಯೂ ಬೀಳಲಿಲ್ಲ. ಫ್ಯಾನು ತಿರುಗಿ, ಸಂಡಿಗೆಯ ಘಮದೊಡನೆ ಹದವಾದ ಕಾವು ಬಂತು. ಕೆಂಚಯ್ಯನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಾವನ ಅಂಗಳದಲ್ಲಿ ಎಷ್ಟು ಸಲ ಹಾರನ್ ಒತ್ತಬೇಕೆಂದು ಯೋಚಿಸುತ್ತಲೇ ಕೈ ತೊಳೆಯಲು ಹೋದ.

ವಾಪಸು ಬರುವಾಗ ಎಡಗಡೆ ಸೀಟಿನಲ್ಲಿ ಪಾಪಮ್ಮನವರಿದ್ದರು. ತಮ್ಮ ಜಾಲರಿ ಎಲ್ಲಿಗೆ ಹೋಯಿತೆಂದು ನೋಡಲು ಬಂದವರು ಹತ್ತಿ ಕೂತು, ಕಾಲು ಚಾಚಿ, ಕಣ್ಣು ಮುಚ್ಚಿದ್ದರು. “ಆಹಾ! ಎಷ್ಟು ಮಳೆಗಾಲದ ಮಂಡಿನೋವು, ಎಣ್ಣೆ ಹಚ್ಚಿದಂಗೆ ಇಳೀತಾ ಉಂಟು. ತಿಮ್ಮ, ನಾನೂ ಕಳಸಕ್ಕೆ ಬರ್ತೀನಿ. ದೇವಸ್ಥಾನಕ್ಕೆ ಹೋಗಿ ಯಾವ ಕಾಲ ಆಯ್ತು!”

“ಬನ್ನಿ ದೊಡ್ಡಮ್ಮ, ಮೂರು ಜನ ಧಾರಾಳವಾಗಿ ಕೂರಬಹುದು” ಎಂದ ಕೆಂಚಯ್ಯ.

ಮುದುಕಿ ಕಣ್ಣು ಬಿಟ್ಟರು. “ಗಾಡಿ ಬಿಡಾದು ಯಾರು, ಇವನಾ? ಬೆಳಗ್ಗಿಂದ ಗಾಡೀಲಿ ಅಡುಗೆ ಮಾಡ್ತಿದ್ದೋನಾ? ಘಾಟಿ ರಸ್ತೇಲಿ ಇವನನ್ನ ನಂಬಿ ನಾ ಕೂರೋಳಲ್ಲ. ತಿಮ್ಮ, ನೀನೇ ಬಿಡು. ಮುದ್ದಮ್ಮ, ಬಾ ಕೂಸೆ, ಪಕ್ಕದಲ್ಲಿ ಕೂತು ಎಲೆ ಅಡಿಕೆ ಮಡಚಿ ಕೊಡು.”

ಗೌಡರು ಕಳೆದ ಬೇಸಿಗೆಯಲ್ಲಷ್ಟೇ ಕೆಂಚಯ್ಯನಿಂದ ಗಾಡಿ ಬಿಡುವುದನ್ನು ಕಲಿತಿದ್ದರು. ಇಂಥ ಮಾತಿಗೇ ಕಾದಿದ್ದವರ ಹಾಗೆ ತಕ್ಷಣ ಸ್ಟಿಯರಿಂಗಿನ ಮುಂದೆ ಹೋಗಿ ಕೂತರು. ಉಳಿದ ಜಾಗವೆಂದರೆ ಹಿಂದುಗಡೆ, ಮೆಣಸಿನ ಮೂಟೆಗಳ ನಡುವೆ.

ದಾರಿಯುದ್ದಕ್ಕೂ ಮಳೆ. ಕೆಂಚಯ್ಯ ಗೋಣಿಕೊಪ್ಪೆ ಹೊದ್ದು ಕೂತಿದ್ದ. ಗೌಡರು ಗೇರು ಬದಲಿಸಿದಾಗಲೆಲ್ಲ ಗಾಡಿ ಕರಕರ ಎನ್ನುತ್ತಿತ್ತು, ಇವನು ಹಲ್ಲು ಕಡಿಯುತ್ತಿದ್ದ. ಮುಂದಿನಿಂದ ಮುದ್ದಮ್ಮನ ನಗು ಕೇಳಿದಾಗ ಮಾತ್ರ, ಹೋಗಲಿ, ಅವಳಾದರೂ ಬೆಚ್ಚಗಿದ್ದಾಳಲ್ಲ ಎಂದು ಸಮಾಧಾನವಾಗುತ್ತಿತ್ತು.

ಜವರಯ್ಯನ ಅಂಗಳದಲ್ಲಿ ಗಾಡಿ ನಿಂತಿತು. ಹಾರನ್ ಒತ್ತಿದವರು ಗೌಡರು, ಅದೂ ಮೂರು ಸಲ. ಕೇರಿಯವರೆಲ್ಲ ಓಡಿ ಬಂದರು. ಮುಂದಿನಿಂದ ಮುದ್ದಮ್ಮ ರಾಣಿಯ ಹಾಗೆ ಇಳಿದಳು. ಹಿಂದಿನಿಂದ ನೆನೆದು ತೊಪ್ಪೆಯಾದ ಕೆಂಚಯ್ಯ ಇಳಿದ. ಮಾವನಿಗೆ ಕೈಮುಗಿಯುವಷ್ಟರಲ್ಲಿ ಗೌಡರು ಸೀಟಿನಿಂದಲೇ ಕೂಗಿದರು: “ಕೆಂಚಾ, ರೇಡಿಯೇಟರಿಗೆ ನೀರು ಹಾಕಿ ಗಾಜು ಒರೆಸೋ!”

ಕೆಂಚಯ್ಯ ನೀರು ಹಾಕಿದ, ಗಾಜು ಒರೆಸಿದ. ಜವರಯ್ಯ ಅಳಿಯನನ್ನು ನೋಡಿದ, ಗಾಡಿಯನ್ನು ನೋಡಿದ. ಎಷ್ಟೆಂದರೂ ಮಗಳ ಗಂಡ, ಮನಸ್ಸು ಕರಗಿತು. ಹತ್ತಿರ ಬಂದು ತನ್ನ ಟವಲಿನಿಂದಲೇ ಅವನ ತಲೆ ಒರೆಸಿ, “ಬೇಜಾರು ಮಾಡ್ಕಬೇಡಿ ಅಳಿಯಂದಿರೇ, ಕ್ಲೀನರ್ ಕೆಲಸಾನೂ ಮರ್ಯಾದೆ ಕೆಲಸವೇ” ಎಂದ. ಆಮೇಲೆ ಗೌಡರ ಕಿಟಕಿಯ ಬಳಿ ಹೋಗಿ ತಲೆಬಾಗಿ ಬೇಡಿಕೊಂಡ.

“ಬುದ್ಧೀ, ದೊಡ್ಡ ಮನಸು ಮಾಡಿ ನಮ್ಮ ಹುಡುಗಂಗೂ ಗಾಡಿ ಬಿಡೋದು ಒಂಚೂರು ಹೇಳ್ಕೊಡಿ.”

“ಅದಕ್ಕೇನು,” ಎಂದರು ಗೌಡರು ಮೀಸೆ ತಿರುವಿ, “ಹೇಳ್ಕೊಡೋಣ.”