ಮಲ್ಲಿಗೆ ಹೊತ್ತ ಕಾರು ಗುಡ್ಡ ಹತ್ತಿದ್ದು

ಬೆವರನ್ನೊರೆಸುವ ಬೈರಾಸೇ, ಮೊದಲು ನಿನಗೆ ವಂದನೆ. ಒಗೆದ ಬಟ್ಟೆ ಒಣಗುವ ಮೊದಲೇ ಉಟ್ಟ ಬಟ್ಟೆ ತೊಯ್ದುಹೋಗುವ ಮೇ ತಿಂಗಳೆಂಬ ಘೋರಯುಗದಲ್ಲಿ, ಪಡುಗಡಲ ತೀರದ ಸಮಸ್ತ ಜೀವರಾಶಿಯೂ ಹಬೆಯೊಳಗಿನ ಇಡ್ಲಿಯಂತೆ ಬೇಯುತ್ತಿರಲು, ಸ್ಟಿಯರಿಂಗ್‌ಚಕ್ರಧಾರಿಯೂ ಹಾರ್ನ್‌ಘೋಷಭಯಂಕರನೂ ಆದ ಕರುಣಾಕರ ಸುವರ್ಣನು ತನ್ನ ಹಳೆಯ ಬಿಳಿ ಕಾರನ್ನು ಗುಡ್ಡದ ಮೇಲಿನ ಮದುವೆ ಹಾಲ್‌ನತ್ತ ತಿರುಗಿಸಿದನು.

ಪಕ್ಕದಲ್ಲಿ ಪುಷ್ಪರಕ್ಷಣದೀಕ್ಷಿತೆಯಾದ ಪತ್ನಿ ಜಲಜಾಕ್ಷಿ. ಅವಳ ಮಡಿಲಲ್ಲಿ ಬಾಳೆ ಎಲೆಯಲ್ಲಿ ಸುತ್ತಿ ನಾರಿನಿಂದ ಬಿಗಿದ ಶಂಕರಪುರ ಮಲ್ಲಿಗೆಯ ಅಟ್ಟೆ ಎಂಬ ಹೂಕಟ್ಟು. ಮದುಮಗಳಾದ ಕರುಣಾಕರನ ಅಕ್ಕನ ಮಗಳು ಜಡೆ ಹೆಣೆಸಿಕೊಂಡು ಆ ಹೂವಿಗಾಗಿಯೇ ಕಾದಿದ್ದಳು, ಮುಹೂರ್ತ ಹತ್ತಿರವಾಗಿತ್ತು. ಹೂ ಬಾಡದಿರಲೆಂದು ಕರುಣಾಕರನು ಏಸಿಯನ್ನು ಪೂರ್ಣಪ್ರತಾಪದಲ್ಲಿ ಬೀಸಲು ಬಿಟ್ಟಿದ್ದನು.

ಏರಿನ ನಡುವೆ ಕಾರು ಕೆಮ್ಮಿತು. ಕಾದ ಗಾಳಿ ತೆಳುವಾಗಿ, ಅದರೊಳಗೆ ನೀರಾವಿಯೂ ಜಾಗ ಹಿಡಿದು, ಇಂಜಿನ್ನಿಗೆ ಪ್ರಾಣವಾಯುವೇ ಸಾಲದಾಗಿತ್ತು. ಉಳಿದ ಅಲ್ಪಬಲದಲ್ಲಿ ಏಸಿ ತನ್ನ ಪಾಲನ್ನು ಕಿತ್ತುಕೊಳ್ಳುತ್ತಿತ್ತು. ಗೇರು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯಿತು. ಅಜ್ಜಿಯಂದಿರನ್ನು ತುಂಬಿಕೊಂಡ ಆಟೋವೊಂದು ಪಕ್ಕದಿಂದ ಸಾವಧಾನವಾಗಿ ಮುಂದೆ ಹೋಯಿತು.

ಆಗ ವೀರನು ನುಡಿದನು: "ಆಗುಂಬೆ ಘಾಟಿ ಹತ್ತಿದ ಗಾಡಿ ಇದು. ಈ ದಿಬ್ಬ ಎಂತ ಮಹಾ?"

"ಅದು ಡಿಸೆಂಬರಿನಲ್ಲಿ, ಮಾರಾಯ್ರೆ. ಈಗ ಅದಕ್ಕೂ ಸೆಖೆ. ಏಸಿ ಬಂದ್ ಮಾಡಿ."

ಹೂವಿನ ಗತಿಯೇನೆಂದು ಅವನು ಕೇಳಿದನು. ಇದೇ ಹೂ ಎಲೆಯೊಳಗೆ ಕೂತು ಮುಂಬೈಯವರೆಗೆ ಹೋಗುತ್ತದೆಂದು ಅವಳು ನೆನಪಿಸಿದಳು. ಕೊನೆಗೆ ವೀರಹೃದಯದ ಗುಟ್ಟು ಹೊರಬಿತ್ತು.

"ಗಾಜು ಇಳಿಸಿಕೊಂಡು ಹೋದ್ರೆ ಏಸಿ ಹಾಳಾಗಿದೆ ಅಂತ ಸಂಜೀವ ಭಾವ ನಗಾಡ್ತಾರೆ."

"ಗಾಜು ಏರಿಸಿಕೊಂಡು ದೂಡಿಕೊಂಡು ಹೋದ್ರೆ ನಗಾಡುದಿಲ್ವಾ?"

ಅಷ್ಟರಲ್ಲಿ ಕಾರು ನಿಂತಿತು. ಅಂಗುಲ ಅಂಗುಲವಾಗಿ ಹಿಂದಕ್ಕೆ ಜಾರತೊಡಗಿತು. ಮೇಲಿನಿಂದ ವಾಲಗದ ದನಿ ಕೇಳಿಸಿತು. ಕರುಣಾಕರನು ಬ್ರೇಕನ್ನು ತುಳಿದು, ಮಲ್ಲಿಗೆಯನ್ನೊಮ್ಮೆ, ಮಡದಿಯನ್ನೊಮ್ಮೆ ನೋಡಿ, ವಂಶದ ಮಾನವನ್ನೆಲ್ಲ ತೋರುಬೆರಳ ತುದಿಗೆ ತಂದು, ಏಸಿಯ ಗುಂಡಿಯನ್ನು ಒತ್ತಿದನು.

ಗಾಜು ಏರಿಸಿಕೊಂಡೇ ಕಾರು ಗುಡ್ಡ ಹತ್ತಿತು.

ಹಾಲ್‌ನ ಬಾಗಿಲಲ್ಲಿ ಮದುಮಗಳ ತಂದೆ ಸಂಜೀವ ಭಾವ ಕಾದು ನಿಂತಿದ್ದರು. ಜಲಜಾಕ್ಷಿ ನಾರು ಬಿಚ್ಚಿದಳು. ಮೊಗ್ಗುಗಳು ಬಿಗಿಯಾಗಿ, ಬೆಳ್ಳಗೆ ಇದ್ದವು. ಹೂ ಒಳಗೆ ಹೋಯಿತು. ಭಾವ ತಲೆಯಿಂದ ಪಾದದವರೆಗೆ ತೊಯ್ದಿದ್ದ ಕರುಣಾಕರನನ್ನು ನೋಡಿದರು, ಆಮೇಲೆ ಒಂದು ಮೋಡವೂ ಇಲ್ಲದ ಆಕಾಶವನ್ನು ನೋಡಿದರು.

"ನಿಮ್ಮಲ್ಲಿ ಮಳೆ ಬಂತಾ?"

"ಹೌದು ಭಾವ. ಜೋರು."

ಜಲಜಾಕ್ಷಿ ಚೀಲದಿಂದ ಬೈರಾಸು ತೆಗೆದುಕೊಟ್ಟಳು.