ಔರಾದಿಗೆ ರೈಲು ಬಂದದ್ದು

ಸ್ಯಾಮ್ ಮಾಸ್ತರು ಮಾಡಿದ ತಪ್ಪು ಒಂದೇ. ಶನಿವಾರ ಮುಂಜಾನೆ ಬೀದರಿನಿಂದ ಭಾಲ್ಕಿಗೆ ಹೊರಡುವ ಗಡಿಬಿಡಿಯಲ್ಲಿ, ಅತಿಥಿ ಬರುವ ದಿನವೇ ದಾರಿಯಲ್ಲೆಲ್ಲಾದರೂ ಕಳೆದೀತು ಅಂತ ಹೆದರಿ, ಮಾಳಿಗೆ ಮೇಲಿನ ಕೋಲಿಯ ಬಾಗಿಲ ಕೀಲಿಯನ್ನು ಹೆಂಡತಿ ರೂತಮ್ಮನ ಕೈಗೆ ಕೊಟ್ಟರು. ಇಷ್ಟು ವರ್ಷದಲ್ಲಿ ಆ ಕೀಲಿ ಅವರ ಉಡದಾರ ಬಿಟ್ಟು ಇಳಿದದ್ದು ಅವತ್ತೇ ಮೊದಲು.

ಕೋಲಿಯೊಳಗೆ ಅಂಥದ್ದೇನಿತ್ತು ಅಂತೀರಿ? ಇಂಗ್ಲೆಂಡ್ ಇತ್ತು. ಹಳೇ ಬಾಗಿಲು ಜೋಡಿಸಿ ಮಾಡಿದ ಹಲಗೆಯ ಮೇಲೆ ಮಾರ್ಶ್‌ವಿಕ್ ಅನ್ನೋ ಹಳ್ಳಿಯ ಪುಟ್ಟ ಸ್ಟೇಷನ್ನು, ಗೇಣುದ್ದದ ರೈಲಿನ ಡಬ್ಬಿಗಳು, ಉಗಿಬಂಡಿ, ಮರದ ಪುಡಿಗೆ ಹಸಿರು ಬಣ್ಣ ಹಾಕಿ ಅಂಟಿಸಿದ ಹುಲ್ಲು. ಈ ಮಾರ್ಶ್‌ವಿಕ್ ಇಂಗ್ಲೆಂಡಿನಲ್ಲೂ ಇಲ್ಲ, ಮಾಸ್ತರ ತಲೆಯಲ್ಲಿ ಹುಟ್ಟಿದ ಊರು. ಮಾಸ್ತರು ಹುಟ್ಟಿದ ಊರು ಔರಾದ, ಅಲ್ಲಿಗೆ ಇವತ್ತಿಗೂ ರೈಲಿಲ್ಲ. ಇಂಗ್ಲೆಂಡಿಗೆ ಅವರು ಕಾಲಿಟ್ಟವರೂ ಅಲ್ಲ. ಅಲ್ಲಿ ನರ್ಸ್ ಆಗಿರುವ ತಂಗಿ ಫೇತ ಒಮ್ಮೆ ರಜೆಗೆ ಬಂದಾಗ ಅಣ್ಣನಿಗೆ ಒಂದು ಸ್ವೆಟರ್ ತರಬಹುದಿತ್ತು. ತರಲಿಲ್ಲ, ಆಟದ ರೈಲು ತಂದಳು. ಮಾಸ್ತರಿಗೆ ಹುಚ್ಚು ಹಿಡಿಯಿತು.

ಹುಚ್ಚು ಅಂದರೆ ಎಂಥದ್ದು ನೋಡ್ರಿ. ಈ ಹವ್ಯಾಸದಲ್ಲಿ ಹೊಸ ಡಬ್ಬಿಯನ್ನು ಹಳೇದು ಮಾಡುವುದೇ ದೊಡ್ಡ ವಿದ್ಯೆ. ಇಂಗ್ಲೆಂಡಿನ ಹೊಗೆ ಎಲ್ಲಿ ಕೂಡುತ್ತದೆ, ಇಂಗ್ಲೆಂಡಿನ ಮಳೆ ಕಿಟಕಿಯಿಂದ ಹೇಗೆ ಇಳಿಯುತ್ತದೆ, ತುಕ್ಕು ಯಾವ ಮೂಲೆಗೆ ಮೊದಲು ಹಿಡಿಯುತ್ತದೆ ಅಂತೆಲ್ಲ ಪುಸ್ತಕ ಓದಿ ಓದಿ, ಕೂದಲಿನಷ್ಟು ಸಣ್ಣ ಕುಂಚ ಹಿಡಿದು, ವರ್ಷಗಟ್ಟಲೆ ಈ ಮನುಷ್ಯ ಒಳ್ಳೊಳ್ಳೇ ಡಬ್ಬಿಗಳಿಗೆ ಹೊಲಸು ಬಳಿದ. ಭಾಲ್ಕಿಯ ಸಾಲಿಗೆ ಪಾಠ ಹೇಳಲು ದಿನಾ ರೈಲಿನಲ್ಲೇ ಹೋಗಿಬರುತ್ತಾರೆ. ಆ ರೈಲಿನ ಬಣ್ಣ ಯಾವುದ್ರಿ ಮಾಸ್ತರ್ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ರೂತಮ್ಮನಿಗೆ ಆ ಕೋಲಿ ಬೇಕಾಗಿತ್ತು. ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ರಿಟೈರ್ ಆದವರು, ನರ್ಸಿಂಗ್ ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಡೋಣ ಅಂತ ಅವರ ಆಸೆ. ಗಂಡ ಹೆಂಡತಿ ಜಗಳಾಡಿ ಸಾಕಾಗಿ ಕೊನೆಗೆ ಒಂದು ಕರಾರಿಗೆ ಬಂದಿದ್ದರು. ಮಾಸ್ತರು ಫೋಟೊ ಕಳಿಸಿ ಮೆಂಬರ್ ಆಗಿದ್ದ ಇಂಗ್ಲೆಂಡಿನ ಮಾಡೆಲ್ ರೈಲು ಕ್ಲಬ್ಬಿನ ಸೆಕ್ರೆಟರಿ ಡೆನಿಸ್ ಸಾಹೇಬ, ಹಿಂದೂಸ್ತಾನ ನೋಡಲು ಬಂದವನು, ನಿಮ್ಮ ರೈಲು ನೋಡಲು ಬರುತ್ತೇನೆ ಅಂತ ಬರೆದಿದ್ದ.

"ಆ ಸಾಹೇಬರು ನೋಡಿ ಛಲೋ ಅದ ಅಂದ್ರ ಕೋಲಿ ರೈಲಿಗೇ ಇರ್ಲಿ. ಅನ್ನಲಿಲ್ಲಾಂದ್ರ ಸೋಮವಾರ ಹುಡುಗ್ಯಾರು ಟ್ರಂಕ್ ತಗೊಂಡು ಬರ್ತಾರ. ಆಮ್ಯಾಲ ತಕರಾರು ನಡಿಯಲ್ಲ," ಅಂದಿದ್ದರು ರೂತಮ್ಮ.

ಮಾಸ್ತರು ಎದೆ ಉಬ್ಬಿಸಿ ಒಪ್ಪಿದರು. ಅವರಿಗೆ ತಿಳಿಯದೆ ಉಳಿದದ್ದು ಒಂದೇ ಮಾತು. ಹೈದರಾಬಾದಿನಿಂದ ಬರುವ ರೈಲು ಮೊದಲು ಬೀದರಿಗೇ ಬರುತ್ತದೆ. ಈ ಸಾಹೇಬ ಬೀದರ ದಾಟಿ ಮುಂದೆ ಹೋಗಿ ಭಾಲ್ಕಿಯಲ್ಲೇ ಇಳಿಯುತ್ತೇನೆ ಅಂತ ಹಟ ಹಿಡಿದಿದ್ದ. ದೊಡ್ಡವರು, ಹೇಗೆ ಅಂದರೆ ಹಾಗೆ ಅಂತ ಮಾಸ್ತರು ಬಾಡಿಗೆ ಕಾರು ಹಿಡಿದು ಭಾಲ್ಕಿಗೇ ಹೋದರು.

ಸಾಹೇಬ ಇಳಿದ. ಎತ್ತರದ ಆಳು, ಟೊಮೆಟೊದಂಥ ಮುಖ, ವಯಸ್ಸಾದರೂ ಚಡ್ಡಿ. ಮಾಸ್ತರ ಕೈ ಕುಲುಕಿ ಆದ ಮೇಲೆ ಕ್ಯಾಮೆರಾ ತೆಗೆದ. ಬೆಂಚಿನ ಫೋಟೊ ಹೊಡೆದ, ನಳದ್ದು ಹೊಡೆದ, ಬೇವಿನ ಗಿಡದ್ದು ಹೊಡೆದ. ಹೊರಗೆ ಬಂದವನು ಎದುರಿನ ಚಹಾದ ಅಂಗಡಿ ಮುಂದೆ ಗಕ್ಕನೆ ನಿಂತುಬಿಟ್ಟ. ಅಂಗಡಿಯ ಪಕ್ಕದ ಗೋಡೆಗೆ ಊರ ಮಂದಿ ಪಾನ್ ತಿಂದು ಉಗುಳಿ ಉಗುಳಿ ಕೆಂಪು ಧಾರೆ ಇಳಿದಿತ್ತು. ಸಾಹೇಬ ಕ್ಯಾಮೆರಾ ಎತ್ತಿದ.

ಮಾಸ್ತರಿಗೆ ಮೈಯೆಲ್ಲ ಉರಿಯಿತು. ಇದನ್ನು ತಗೊಂಡು ಹೋಗಿ ಅಲ್ಲಿ ಪೇಪರಿನಲ್ಲಿ ಹಾಕುತ್ತಾನೆ, ಊರ ಮರ್ಯಾದೆ ಮೂರಾಬಟ್ಟೆ ಆಗುತ್ತದೆ ಅಂತ ಓಡಿ ಹೋಗಿ ಗೋಡೆಗೆ ಅಡ್ಡ ನಿಂತು ಹಲ್ಲು ಕಿಸಿದರು. ಸಾಹೇಬ ಎಡಕ್ಕೆ ಸರಿದ. ಮಾಸ್ತರೂ ಎಡಕ್ಕೆ ಸರಿದರು. ಸಾಹೇಬ ಬಲಕ್ಕೆ ಹೋದ, ಮಾಸ್ತರೂ ಬಲಕ್ಕೆ ಹೋದರು. ಅಂಗಡಿಯವ ಚಹಾ ಸೋಸುವುದು ಬಿಟ್ಟು ಇಬ್ಬರ ಕುಣಿತ ನೋಡುತ್ತ ನಿಂತ.

ಅಷ್ಟರಲ್ಲಿ ಮಾಸ್ತರ ಫೋನು ರಿಂಗಾಯಿತು. ರೂತಮ್ಮ.

"ಅಲ್ರಿ, ನಿಮ್ಮ ಡಬ್ಬಿಗೋಳು ಅದೆಷ್ಟು ಹೊಲಸಾಗಿದ್ವು! ಮೆಹಮಾನರು ಬರೋ ಮನಿ ಅದ, ನೋಡಿ ನನಗೇ ನಾಚಿಕಿ ಬಂತು. ಬಿಸಿನೀರಾಗ ಸೋಡಾ ಹಾಕಿ ನೆನಿಸಿ, ಬ್ರಶ್ಶಿಲೆ ತಿಕ್ಕಿ ತೊಳದೀನಿ. ಈಗ ನೋಡ್ರಿ, ಮುಖ ಕಾಣ್ತದ!"

ಮಾಸ್ತರು ಗೋಡೆಗೆ ಅಡ್ಡ ನಿಂತಲ್ಲೇ ಕೂಗಿದರು. "ಎಲ್ಲಾನೂ ತೊಳದಿ?"

"ಎಲ್ಲಾನೂ. ಎಂಜಿನ್ ಬಿಸಿಲಿಗಿ ಇಟ್ಟೀನಿ, ಒಣಗ್ಲತ್ತದ."

"ರೂತಾ, ಅದು ಹೊಲಸಲ್ಲ! ಅದನ್ನ ನಾನೇ ಬಳದಿದ್ದೆ!"

"ಜಿಂದಗಿಯೆಲ್ಲಾ ದವಾಖಾನಿಯಾಗ ಕಳದೀನಿ. ಹೊಲಸು ಯಾವುದು ಅಂತ ನನಗ ಹೇಳಾಕ ಬರಬ್ಯಾಡ್ರಿ," ಅಂತ ರೂತಮ್ಮ ಫೋನಿಟ್ಟರು.

ಮಾಸ್ತರು ಹಣೆ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಫೋನು. ಈ ಸಲ ಪಕ್ಕದ ಮನೆಯ ಪಂಢರಿ ಕಾಕಾ. ಬಸ್ಸಿನ ಕಂಡಕ್ಟರ್ ಆಗಿ ರಿಟೈರ್ ಆದವನು, ಅವನ ಊರೂ ಔರಾದೇ. ಊರಿಗೆ ರೈಲು ಬೇಕು ಅಂತ ನಡೆದ ಧರಣಿಗಳಲ್ಲಿ ಅವನು ಕೂರದ ಧರಣಿ ಇಲ್ಲ.

"ಮಾಸ್ತರ್, ಈ ನಿಮ್ಮ ರೈಲು ಎಲ್ಲಿಂದ ಎಲ್ಲಿಗಿ ಹೋಗ್ತದ್ರಿ? ಬೋರ್ಡ್ ಎಲ್ಲಾ ಇಂಗ್ಲೀಷಿನಾಗ ಅದ. ಪ್ಯಾಸೆಂಜರ್ ಏನ್ ಓದಬೇಕು?"

"ಕಾಕಾ, ಕೈಮುಗೀತೀನಿ, ಮುಟ್ಟಬ್ಯಾಡ್ರಿ!"

"ಅದೆಂಗ ಆಗ್ತದ? ಬೋರ್ಡಿಲ್ಲದ ಗಾಡಿ ಸರ್ವೀಸಿನಾಗೇ ನಾ ಬಿಟ್ಟವನಲ್ಲ. ಪೇಂಟ್ ಮನಿಯಾಗ ಅದ, ನೀವೇನ್ ಚಿಂತಿ ಮಾಡಬ್ಯಾಡ್ರಿ. ಹಾಂ, ಖಾಜಾ ಮಿಯಾನೂ ಬಂದಾನ, ಮಾತಾಡ್ರಿ."

ಖಾಜಾ ಮಿಯಾ ಎದುರು ಮನೆಯವ, ಗಾಂಧಿ ಗಂಜಿನಲ್ಲಿ ಬೇಳೆಕಾಳಿನ ಅಡತಿ ವ್ಯಾಪಾರ. "ಅರೇ ಮಾಸ್ತರ್ ಸಾಬ್, ಮಾಲಿನ ಡಬ್ಬಿ ಎಲ್ಲಾ ಖಾಲಿ ನಿಂತಾವಲ್ರಿ! ಮೆಹಮಾನ್ ಮುಂದ ಖಾಲಿ ಗಾಡಿ ತೋರಸ್ತೀರಾ? ಎದುರು ಮನಿಯಾಗ ನಾ ಇದ್ದು ನನ್ನ ಇಜ್ಜತ್ ಏನಾಗಬೇಕು? ತೊಗರಿ ಬೇಳಿ ಹಾಕೀನಿ, ಒಂದ್ ನಂಬರ್ ಮಾಲ್."

"ಅವು ಕಲ್ಲಿದ್ದಲಿನ ಡಬ್ಬಿ ಭೈ!"

"ಕಲ್ಲಿದ್ದಲು ಯಾರ್ ತಿಂತಾರ್ರಿ?" ಅಂತ ಖಾಜಾ ಮಿಯಾ ನಕ್ಕುಬಿಟ್ಟ.

ಹಿಂದಿನಿಂದ ರೂತಮ್ಮನ ದನಿ ಕೇಳಿತು. "ಪ್ಲಾಟ್‌ಫಾರಂ ಮ್ಯಾಲ ಮಂದಿನೇ ಇಲ್ರಿ, ಕರ್ಫ್ಯೂ ಬಿದ್ದಂಗ ಅದ. ಕ್ರಿಸ್ಮಸ್ಸಿನ ಗೋದಲಿಯ ಬೊಂಬಿ ಪೆಟ್ಟಿಗಿಯಾಗ ಸುಮ್ಮನೇ ಬಿದ್ದಾವ, ಅವನ್ನ..." ಅಲ್ಲಿಗೆ ಲೈನು ಕಟ್ಟಾಯಿತು. ಮತ್ತೆ ಹಚ್ಚಿದರೆ ಯಾರೂ ಎತ್ತಲಿಲ್ಲ. ಎಲ್ಲರಿಗೂ ಕೈತುಂಬ ಕೆಲಸ.

ಸಾಹೇಬನನ್ನು ಆದಷ್ಟು ತಡಮಾಡಿಸಬೇಕು, ಸಂಜೆಯಾದರೆ ಕರೆಂಟು ಹೋದರೂ ಹೋದೀತು ಅಂತ ಮಾಸ್ತರು ಲೆಕ್ಕ ಹಾಕಿದರು. "ಔರಾದ ಮ್ಯಾಲಿಂದ ಹೋಗೋಣು ನಡಿ," ಅಂದರು ಡ್ರೈವರಿಗೆ.

"ಔರಾದ ಸುತ್ತಿ ಬೀದರಿಗಿ ಯಾರ್ ಹೋಗ್ತಾರ್ರಿ ಸರ? ನಿಮಗ ಮೈಯಾಗ ಆರಾಮ ಅದ ಇಲ್ಲ?" ಅಂದ ಅವನು, ಸೀದಾ ಬೀದರಿನ ದಾರಿ ಹಿಡಿದ.

ದಾರಿಯುದ್ದಕ್ಕೂ ಮಾಸ್ತರು ದೇವರನ್ನು ನೆನೆದರು. ಎಷ್ಟು ಸಂಜೆಗಳನ್ನು ಆ ಕುಂಚಕ್ಕೆ ಸುರಿದಿದ್ದರು ಅವರು! ಸಾಲಿಯಲ್ಲಿ ಹೆಡ್ ಮಾಸ್ತರ ಬೈಗುಳ, ಮನೆಯಲ್ಲಿ ಹೆಂಡತಿಯ ಬೈಗುಳ, ಎಲ್ಲವನ್ನೂ ಮರೆಯಲಿಕ್ಕೆ ಇದ್ದದ್ದು ಅದೊಂದೇ ಜಾಗ. ಮಾರ್ಶ್‌ವಿಕ್‌ನಲ್ಲಿ ಅವರನ್ನು ಬೈಯುವವರು ಯಾರೂ ಇರಲಿಲ್ಲ.

ಮನೆ ಮುಂದೆ ಕಾರು ನಿಂತಾಗ ಮೆಟ್ಟಿಲ ತುಂಬ ಚಪ್ಪಲಿ. ಓಣಿಯ ಅರ್ಧ ಮಂದಿ ಮಾಳಿಗೆ ಮೇಲಿದ್ದರು. ಮಾಸ್ತರು ಒಳಗೆ ಇಣುಕಿದರು, ಇಣುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಇಂಗ್ಲೆಂಡಿನ ಮಸಿ ಹೋಗಿ ಡಬ್ಬಿಗಳು ತೊಳೆದ ಸ್ಟೀಲ್ ತಾಟಿನಂತೆ ಫಳಫಳ ಹೊಳೆಯುತ್ತಿದ್ದವು. ಮಾಲಿನ ಡಬ್ಬಿಗಳಲ್ಲಿ ತೊಗರಿ ಬೇಳೆ ಗುಪ್ಪೆಗುಪ್ಪೆ. ಮಾರ್ಶ್‌ವಿಕ್ ಅನ್ನುವ ಹಲಗೆಯ ಮೇಲೆ ಹಳದಿ ಬಣ್ಣ ಬಳಿದು ಭಾಲ್ಕಿ ಅಂತ ಬರೆದಿತ್ತು, ಹಳಿ ಮುಗಿಯುವ ಆ ಕಡೆ ತುದಿಗೆ ಔರಾದ. ಎಂಜಿನ್ನಿಗೆ ಚೆಂಡುಹೂವು, ಗಾಲಿಯ ಮುಂದೆ ನಿಂಬೆಹಣ್ಣು, ಅದು ಸ್ಟೇಷನ್ ಮಾಸ್ತರನ ಮನೆಗಿಂತ ದೊಡ್ಡದು. ಪ್ಲಾಟ್‌ಫಾರಂ ಮೇಲೆ ಬೆತ್ಲೆಹೇಮಿನ ಕುರುಬರು ಕುರಿ ಸಮೇತ ರೈಲಿಗೆ ಕಾಯುತ್ತಿದ್ದರು. ಪೂರ್ವದೇಶದ ಜ್ಞಾನಿಗಳು ಸ್ಟೇಷನ್ನಿನ ಚಾವಣಿಗಿಂತ ಎತ್ತರ ನಿಂತಿದ್ದರು, ಮಗ್ಗುಲಲ್ಲಿ ಒಂಟೆ. ಇಷ್ಟೆಲ್ಲದರ ನಡುವೆ ಮಾಸ್ತರು ಮಾಡಿದ ಇಂಗ್ಲೀಷ್ ಸಿಗ್ನಲ್ ಕಂಬ ಒಂದು ಮಾತ್ರ ಅನಾಥವಾಗಿ ಕೈ ಎತ್ತಿ ನಿಂತಿತ್ತು.

ಪಂಢರಿ ಕಾಕಾ ನಿಂಬೆಹಣ್ಣು ತೆಗೆದು, ಹಳೇ ಸೀಟಿ ಊದಿ, "ರೈಟ್, ರೈಟ್!" ಅಂದ. ರೂತಮ್ಮ ಗುಂಡಿ ತಿರುಗಿಸಿದರು. ರೈಲು ಗುಡುಗುಡು ಹೊರಟು, ಬೇಳೆ ಉದುರಿಸುತ್ತ, ಔರಾದಿಗೆ ಹೋಗಿ ನಿಂತಿತು. ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. "ನನ್ನ ಜೀವ ಇರೋದ್ರಾಗ ನೋಡಿದೆ," ಅಂದ.

ಸಾಹೇಬ ಮೆಲ್ಲಗೆ ಮೊಣಕಾಲೂರಿ ಹಲಗೆಯ ಮಟ್ಟಕ್ಕೆ ಕೂತ. ಅವನ ಮೋರೆ ಇನ್ನೂ ಕೆಂಪಾಯಿತು. ಮುಗೀತು, ಸಿಟ್ಟು ನೆತ್ತಿಗೇರಿದೆ ಅಂದುಕೊಂಡ ಮಾಸ್ತರು ಎಲ್ಲರನ್ನೂ ತಳ್ಳಿ ಮುಂದೆ ಬಂದು, ಸಾಲಿಯಲ್ಲಿ ಕಲಿಸುವ ಇಂಗ್ಲೀಷನ್ನೆಲ್ಲ ಒಟ್ಟುಗೂಡಿಸಿ ಕೂಗಿಯೇ ಹೇಳಿದರು. "ಸರ್, ಇದರಲ್ಲಿ ನನ್ನ ಕೈ ಏನೂ ಇಲ್ಲ. ದೇವರಾಣೆ ಹೇಳುತ್ತೇನೆ. ಎಲ್ಲ ನನ್ನ ಹೆಂಡತಿ, ಈ ಕಂಡಕ್ಟರ್, ಈ ಬೇಳೆ ವ್ಯಾಪಾರಿ ಸೇರಿ ಮಾಡಿದ್ದು. ನನಗೂ ಇದಕ್ಕೂ ಸಂಬಂಧವಿಲ್ಲ!"

ಸಾಹೇಬ ಎದ್ದ. ಮಾಸ್ತರನ್ನು ದಾಟಿ ಹೋಗಿ ರೂತಮ್ಮನ ಕೈ ಹಿಡಿದು ಕುಲುಕಿದ, ಪಂಢರಿ ಕಾಕಾನ ಕೈ ಕುಲುಕಿದ, ಖಾಜಾ ಮಿಯಾನನ್ನು ತಬ್ಬಿಕೊಂಡೇಬಿಟ್ಟ. ಆಮೇಲೆ ತನ್ನ ಫೋನು ತೆಗೆದು ಮಾಸ್ತರ ಕಣ್ಣ ಮುಂದೆ ಹಿಡಿದ.

ಫೋನಿನಲ್ಲಿ ಒಂದು ಪುಟ್ಟ ಸ್ಟೇಷನ್ನು. ಬೆಂಚು, ನಳ, ಬೇವಿನ ಗಿಡ, ಎದುರಿಗೆ ಚಹಾದ ಅಂಗಡಿ. ಭಾಲ್ಕಿ! ಹಿಂದೆ ಯಾವಾಗಲೋ ಈ ದಾರಿಯಲ್ಲಿ ಹೋಗುವಾಗ ಭಾಲ್ಕಿಯಲ್ಲಿ ಇಳಿದು ಕುಡಿದ ಚಹಾ ಸಾಹೇಬನ ಮನಸ್ಸಿನಿಂದ ಹೋಗಲಿಲ್ಲವಂತೆ. ಅಂದಿನಿಂದ ಇಂಗ್ಲೆಂಡಿನ ತನ್ನ ಮನೆಯ ಶೆಡ್ಡಿನಲ್ಲಿ ಅದನ್ನೇ ಕಟ್ಟುತ್ತಿದ್ದಾನೆ.

"ಇಂಗ್ಲೀಷ್ ಹಳ್ಳಿಯ ಸ್ಟೇಷನ್ ನಮ್ಮ ಕ್ಲಬ್ಬಿನಲ್ಲಿ ಪ್ರತಿಯೊಬ್ಬನ ಮನೆಯಲ್ಲೂ ಇದೆ. ನೋಡಿ ನೋಡಿ ಸಾಕಾಗಿದೆ," ಅಂದ ಸಾಹೇಬ. "ನಿಮ್ಮ ಫೋಟೊಗಳನ್ನು ನೋಡಿ, ಇನ್ನೊಂದೂ ಅದೇ ಅಂತ ಬೇಜಾರಾಗಿತ್ತು. ಹೇಗೂ ಭಾಲ್ಕಿ ನೋಡಿದ ಹಾಗಾಗುತ್ತದೆ ಅಂತಲೇ ಬಂದೆ. ಇವರು ಮಾಡಿರುವುದರಲ್ಲಿ ಜೀವ ಇದೆ! ಅಂದ ಹಾಗೆ, ಆ ಚಹಾದ ಅಂಗಡಿಯ ಗೋಡೆಯ ಕೆಂಪು ಯಾವ ಕೆಂಪು ಅನ್ನುವುದೊಂದು ನನಗೆ ಸಿಗುತ್ತಿಲ್ಲ. ಅದಕ್ಕೋಸ್ಕರ ಅಷ್ಟು ದೂರದಿಂದ ಬಂದರೆ ನೀವು ಎಲ್ಲ ಫೋಟೊದಲ್ಲೂ ಅಡ್ಡ ನಿಂತಿದ್ದೀರಿ. ನೀವು ದಿನಾ ಹೋಗುವವರಲ್ಲವೇ, ಹೇಳಿ, ಆ ಧಾರೆ ಗೋಡೆಯ ಯಾವ ಮಗ್ಗುಲಿಂದ ಶುರುವಾಗುತ್ತದೆ?"

ಮಾಸ್ತರು ತಲೆ ಕೆರೆದುಕೊಂಡರು. ಗೊತ್ತಿರಲಿಲ್ಲ.

"ಏನಂತಾರ್ರಿ ಸಾಹೇಬರು? ಛಲೋ ಅದ ಅಂದ್ರಾ?" ಅಂತ ರೂತಮ್ಮ ಕೇಳಿದರು. ಓಣಿಯ ಮಂದಿಯೆಲ್ಲ ಮಾಸ್ತರ ಕಡೆ ತಿರುಗಿದರು.

ಇಲ್ಲ ಅಂದರೆ ಸೋಮವಾರ ಟ್ರಂಕುಗಳು ಬರುತ್ತವೆ. "ಛಲೋ ಅದ ಅಂದ್ರು," ಅಂದರು ಮಾಸ್ತರು, ನೆಲ ನೋಡುತ್ತ.

"ಏನ್ ಛಲೋ ಅದಂತ?"

"ನೀವು ಮಾಡಿದ್ದು."

ಸಾಹೇಬ ಮತ್ತೊಮ್ಮೆ ಹಲಗೆಯ ಮೇಲೆ ಬಗ್ಗಿ, ಹುಬ್ಬು ಗಂಟಿಕ್ಕಿ ಬೆರಳು ತೋರಿಸಿದ. "ಇಲ್ಲಿ ಇಂಗ್ಲೀಷ್ ಸಿಗ್ನಲ್ ಯಾರು ನೆಟ್ಟದ್ದು? ಅದೊಂದು ಎಲ್ಲಾ ಕೆಡಿಸಿದೆ."

ಭಾಷೆ ಬಾರದಿದ್ದರೂ ಬೆರಳು ಯಾವುದಕ್ಕೆ ಅನ್ನೋದು ಪಂಢರಿ ಕಾಕಾನಿಗೆ ತಿಳಿಯಿತು. ಕಂಬ ಕಿತ್ತು ಮಾಸ್ತರ ಕೈಯಲ್ಲಿಟ್ಟ.

ರೂತಮ್ಮ ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ. ಕೋಲಿ ರೈಲಿಗೇ ಉಳಿಯಿತು, ಕೀಲಿ ಮಾತ್ರ ಅವರ ಸೊಂಟದಲ್ಲೇ ಉಳಿಯಿತು. ಭಾನುವಾರ ಚರ್ಚ್ ಬಿಟ್ಟ ಮೇಲೆ ತಮ್ಮ ಊರಿಗೆ ಬಂದ ರೈಲು ನೋಡಲು ಔರಾದಿನಿಂದ ಜೀಪು ತುಂಬ ಮಂದಿ ಬಂದರು. ಕಾಕಾ ಸೀಟಿ ಊದಿದ, ಖಾಜಾ ಮಿಯಾ ಬೇಳೆ ತುಂಬಿದ, ಮಾಸ್ತರು ಮೆಟ್ಟಿಲ ಮೇಲೆ ಚಪ್ಪಲಿ ಸರಿ ಮಾಡಿದರು.

ಸೋಮವಾರ ಮಾಸ್ತರು ಭಾಲ್ಕಿಯಲ್ಲಿ ಇಳಿದವರೇ ಚಹಾದ ಅಂಗಡಿಗೆ ಹೋದರು. ಸಾಹೇಬ ಹೊರಟಾಗ, ಗೋಡೆಯ ಫೋಟೊ ಕಳಿಸುತ್ತೇನೆ ಅಂತ ಮಾತು ಕೊಟ್ಟಿದ್ದರು, ಕಳಿಸದಿದ್ದರೆ ಕ್ಲಬ್ಬಿನಿಂದಲೂ ಹೊರಗೆ. ಫೋನು ಎತ್ತಿದರು. ಗೋಡೆ ಹಾಲಿನಂತೆ ಬೆಳ್ಳಗಿತ್ತು.

"ಅವತ್ತು ನೀವು ಹಂಗ ಅಡ್ಡ ನಿಂತಿದ್ದು ನೋಡಿ ನನಗ ಭಾಳ ನಾಚಿಕಿ ಆತ್ರಿ ಮಾಸ್ತರ್," ಅಂದ ಅಂಗಡಿಯವ. "ನಿನ್ನೆ ಸುಣ್ಣ ಹೊಡದೀನಿ. ಹ್ಯಾಂಗ ಅದ?"

ಮಾಸ್ತರು ಫೋನು ಕಿಸೆಗೆ ಹಾಕಿದರು. ಆಮೇಲೆ ಸಾಲಿಯ ಮಕ್ಕಳು ಯಾರಾದರೂ ಇದ್ದಾರೇನೋ ಅಂತ ಹಿಂದೆ ಮುಂದೆ ನೋಡಿ, ಪಕ್ಕದ ಪಾನ್ ಅಂಗಡಿಗೆ ಹೋದರು.

"ಒಂದು ಪಾನ್ ಕಟ್ಟಪಾ," ಅಂದರು. "ಕಾಚು ಜರಾ ಜಾಸ್ತಿ ಹಾಕು, ಕೆಂಪಗ ಬರಬೇಕು."