ಚೀಲ ಕೇಳಿದ ಪ್ರಶ್ನೆ

ಚೀಲದ ಮೇಲೆ ನಾಲ್ಕಕ್ಷರ ಅಚ್ಚು ಹಾಕುವ ಕೆಲಸದಲ್ಲಿ ದಿನಾ ನಗುವಂಥದ್ದು ಏನು ನಡೆಯುತ್ತೆ ಅಂತ ನಮ್ಮವರು ಕೇಳುತ್ತಿದ್ದರು. ಅವರು ಆಸ್ಪತ್ರೆಯ ಡಾಕ್ಟರು. ಅವರ ಹತ್ತಿರ ಬರುವವರು ನೋವು ಅಂತ ಬರುತ್ತಾರೆ. ನಮ್ಮಲ್ಲಿಗೆ ಬರುವವರು ಹೆಸರು ಬೇಕು ಅಂತ ಬರುತ್ತಿದ್ದರು. ಹೆಸರು ಬೇಕಾದವರು ಇರುವ ಕಡೆ ತಮಾಷೆಗೆ ಬರವೇ?

ಎಪ್ಪತ್ತರ ದಶಕದ ಮೊದಲ ವರ್ಷಗಳು. ಡಲ್ಲಾಸಿನಲ್ಲಿ ಜಾಹೀರಾತಿನ ಚೀಲ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಗಿರಾಕಿಯ ಹೆಸರನ್ನು ಚೀಲದ ಮೇಲೆ ಪ್ರಿಂಟ್ ಮಾಡಬೇಕೋ, ಕಸೂತಿ ಹಾಕಬೇಕೋ, ಇಸ್ತ್ರಿಯ ಹಾಗೆ ಬಿಸಿಯಲ್ಲಿ ಒತ್ತಿ ಅಂಟಿಸಬೇಕೋ ಅಂತ ಹೇಳುವುದು ನನ್ನ ಪಾಲಿನ ಕೆಲಸ.

ಸೀರೆಯ ಇಂಟರ್‌ವ್ಯೂ

ಇಂಟರ್‌ವ್ಯೂಗೆ ಮೈಸೂರು ರೇಷ್ಮೆ ಉಟ್ಟು ಹೋಗಿದ್ದೆ. ಕಾರ್ಖಾನೆಯ ಯಜಮಾನರು ತಾಳೆಮರದ ಹಾಗಿದ್ದ ಟೆಕ್ಸಾಸ್ ಮನುಷ್ಯ, ತಲೆಯ ಮೇಲೆ ಅಷ್ಟೇ ಗತ್ತಿನ ಹ್ಯಾಟು. ನನ್ನ ಬಿ.ಎಸ್ಸಿ. ಸರ್ಟಿಫಿಕೇಟನ್ನು ಬದಿಗಿಟ್ಟು ಸೀರೆಯ ಅಂಚನ್ನೇ ನೋಡುತ್ತ ಕೂತರು.

“ಆ ಚಿನ್ನದ ಬಣ್ಣ ಯಾವ ಮೆಶೀನಿನಲ್ಲಿ ಹಾಕಿದ್ದು?”

“ಹಾಕಿದ್ದಲ್ಲ ಸರ್, ನೇಯ್ದದ್ದು. ಜರಿ.”

“ಉದುರೋದಿಲ್ವಾ?”

“ನಮ್ಮಮ್ಮ ಉಟ್ಟಿದ್ದರು. ಈಗ ನಾನು ಉಡ್ತಿದ್ದೀನಿ. ಇನ್ನೂ ಉದುರಿಲ್ಲ.”

ಅವರು ಹ್ಯಾಟು ತೆಗೆದು ಮೇಜಿನ ಮೇಲಿಟ್ಟರು. “ನಮ್ಮ ಚಿನ್ನದ ಬಣ್ಣ ಗಿರಾಕಿ ಮನೆ ಸೇರೋದರೊಳಗೆ ಉದುರಿರುತ್ತೆ. ನಾಳೆಯಿಂದ ಬನ್ನಿ.”

ಆ ದಿನ ಕೆಲಸ ಸಿಕ್ಕಿದ್ದು ನನಗೋ ಸೀರೆಗೋ ಅಂತ ನಮ್ಮವರಿಗೆ ಇವತ್ತಿಗೂ ಅನುಮಾನ.

ಡುಬ್ಬದ ಗೂಳಿ

ಹೂಸ್ಟನ್ ಕಡೆಯ ದನದ ಸಾಹುಕಾರರೊಬ್ಬರು ತಮ್ಮ ಗೂಳಿಯ ಫೋಟೋ ಹಿಡಿದು ಬಂದರು. ಅದು ಪ್ರದರ್ಶನದಲ್ಲಿ ಬಹುಮಾನ ಗೆದ್ದ ಗೂಳಿ. ಅದರ ಮುಖ ಗೋಣಿಚೀಲದ ಮೇಲೆ ಬರಬೇಕು, ರೆಪ್ಪೆಯ ಕೂದಲೂ ಕಾಣಬೇಕು.

“ಗೋಣಿಯ ನೇಯ್ಗೆ ಒರಟು ಸರ್, ಅಷ್ಟು ಸಣ್ಣ ಗೆರೆ ನಿಲ್ಲೋದಿಲ್ಲ” ಅಂದೆ. ಕೇಳಲಿಲ್ಲ. ಸರಿ, ಒಂದು ಮಾದರಿ ಪ್ರಿಂಟ್ ಮಾಡಿಸಿ ಮುಂದಿಟ್ಟೆ. ಮೂಗು ಎಲ್ಲೋ, ಕಣ್ಣು ಎಲ್ಲೋ, ನಡುವೆ ಬರೀ ಮಸಿ. ಸಾಹುಕಾರರು ತುಂಬಾ ಹೊತ್ತು ನೋಡಿ, “ಇದು ನನ್ನ ಭಾವಮೈದನ ಹಾಗಿದೆ” ಅಂದರು.

ನಾನು ಪೆನ್ಸಿಲು ತೆಗೆದುಕೊಂಡು, ರಂಗೋಲಿ ಎಳೆಯುವ ಹಾಗೆ ದಪ್ಪ ಗೆರೆಯಲ್ಲಿ ಕೊಂಬು, ಡುಬ್ಬ, ಬಾಲ ಎಳೆದೆ. ಪ್ರಿಂಟ್ ಆಗಿ ಬಂದಾಗ ಗೂಳಿ ಚೀಲದಿಂದ ಹೊರಗೆ ನುಗ್ಗುವ ಹಾಗಿತ್ತು.

ಸಾಹುಕಾರರಿಗೆ ಆಶ್ಚರ್ಯ. “ಫೋಟೋ ಕಡೆ ನೋಡದೇ ಡುಬ್ಬ ಇಷ್ಟು ಸರಿಯಾಗಿ ಹೇಗೆ ಬರೆದಿರಿ?”

“ಇಂಥ ಡುಬ್ಬ ನೋಡಿಕೊಂಡೇ ಬೆಳೆದವಳು ನಾನು.”

“ಹೌದಲ್ಲ! ಇದರ ಮುತ್ತಾತನೂ ಇಂಡಿಯಾದಿಂದಲೇ ಹಡಗಿನಲ್ಲಿ ಬಂದಿದ್ದು” ಅಂತ ನನ್ನ ಕೈ ಕುಲುಕಿದರು. “ಅದಕ್ಕೇ ಈ ಬಿಸಿಲಲ್ಲೂ ನೀವಿಬ್ಬರೂ ಇಷ್ಟು ಆರಾಮಾಗಿದ್ದೀರಿ!”

ಒಂದು ಹನಿಯೂ ಸೋರದು

ಮನೆಗಳ ಚಾವಣಿ ರಿಪೇರಿ ಮಾಡುವ ಕಂಪನಿಯ ಮ್ಯಾನೇಜರು ಬಂದರು. ನೀರು ಒಳಗಿಳಿಯದ ಚೀಲ ಬೇಕು, ಅದರ ಮೇಲೆ ‘ಒಂದು ಹನಿಯೂ ಸೋರದು’ ಅಂತ ಅವರ ಘೋಷಣೆ. “ಕಸೂತಿಯಲ್ಲೇ ಆಗಬೇಕು. ಪ್ರಿಂಟು ಬಡವರ ಲಕ್ಷಣ” ಅಂದರು.

“ಕಸೂತಿಗೆ ಸೂಜಿ ಚುಚ್ಚಬೇಕು ಸರ್.”

“ಚುಚ್ಚಿ.”

ಚುಚ್ಚಿದೆವು. ಮಾದರಿ ನೋಡಲು ಬಂದ ದಿನ, ಕೆಂಪು ದಾರದ ಅಕ್ಷರ ನೋಡಿ ಅವರ ಮುಖ ಅರಳಿತು. ನಾನು ಒಂದು ಜಗ್ ನೀರು ತಂದು ಚೀಲಕ್ಕೆ ಸುರಿದು, ಅವರ ಮುಂದೆ ಎತ್ತಿ ಹಿಡಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ‘ಒಂದು’ ಸೋರಿತು. ಹಿಂದೆಯೇ ‘ಹನಿಯೂ’ ಸೋರಿತು. ‘ಸೋರದು’ ಅನ್ನುವುದಂತೂ ಧಾರಾಕಾರವಾಗಿ ಅವರ ಹೊಸ ಬೂಟಿನ ಮೇಲೆಯೇ ಸೋರಿತು.

ಮ್ಯಾನೇಜರು ಬೂಟು ಒದರಿಕೊಂಡು, “ಮೇಡಂ, ಪ್ರಿಂಟೇ ಮಾಡಿ. ನಮಗೇನು, ನಾವೂ ಬಡವರೇ” ಅಂದರು.

ಊಟ ಆಯ್ತಾ?

ಆಸ್ಟಿನ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹೆಂಗಸೊಬ್ಬಳು ಬಂದಳು. ದಪ್ಪ ಬಟ್ಟೆಯ ಕೈಚೀಲಕ್ಕೆ ಬಳ್ಳಿಯ ಚಿತ್ರ ಬೇಕು, ಬಳುಕು ಒಂದಿಷ್ಟೂ ಕೆಡಬಾರದು. ಪ್ರಿಂಟು ವಾಸಿಯೋ ಬಿಸಿಯಲ್ಲಿ ಅಂಟಿಸುವುದು ವಾಸಿಯೋ, ಎರಡನ್ನೂ ಪಕ್ಕಪಕ್ಕ ತೋರಿಸಿ ಅಂದಳು.

ಬಳುಕು ಪರೀಕ್ಷೆ ಮಾಡಲು ಕನ್ನಡ ಅಕ್ಷರಕ್ಕಿಂತ ಬೇರೆ ಏನು ಬೇಕು? ಮಧ್ಯಾಹ್ನದ ಹೊತ್ತು, ಹಸಿವಾಗಿತ್ತು. ಕೈಗೆ ಬಂದಿದ್ದು ಬರೆದೆ: ‘ಊಟ ಆಯ್ತಾ?’

ಅಂಟಿಸಿದ್ದು ಅಂಚಿನಲ್ಲಿ ಎದ್ದಿತು. ಪ್ರಿಂಟಿನಲ್ಲಿ ‘ಊ’ ಅಕ್ಷರದ ಬಾಲದ ಸಮೇತ ಮುತ್ತಿನ ಹಾಗೆ ಬಂತು. ಆಕೆ ಬಳ್ಳಿಯನ್ನು ಮರೆತೇಬಿಟ್ಟಳು.

“ನನಗೆ ಇದೇ ಬೇಕು. ಏನು ಹಾಗಂದರೆ?”

“ನಮ್ಮ ಕಡೆ ಯಾರಾದರೂ ಸಿಕ್ಕಾಗ ಕೇಳೋ ಮಾತು. ಊಟ ಆಯ್ತಾ ಅಂತ.”

“ಎಂಥ ಒಳ್ಳೆ ಜನ!” ಅಂದಳು. ಯಜಮಾನರು ತಡೆದರೂ ಕೇಳದೆ ಅದನ್ನೇ ಮಾಡಿಸಿಕೊಂಡು ಹೋದಳು. ಸ್ವಲ್ಪ ದಿನದಲ್ಲೇ ಆಸ್ಟಿನ್ ಬೀದಿಯಲ್ಲಿ ಅಮೆರಿಕನ್ ಹೆಂಗಸರು ಆ ಚೀಲ ಹಿಡಿದು ಕಂಡಕಂಡವರಿಗೆಲ್ಲ ಊಟ ಆಯ್ತಾ ಅಂತ ಕೇಳಿಕೊಂಡು ಓಡಾಡತೊಡಗಿದರು. ಕನ್ನಡವನ್ನು ಟೆಕ್ಸಾಸಿನ ರಾಜಧಾನಿಯಲ್ಲಿ ಮೆರೆಸಿದೆ ಅಂತ ನಾನು ಮನೆಯಲ್ಲಿ ಎದೆಯುಬ್ಬಿಸಿ ನಡೆದದ್ದೇ ನಡೆದದ್ದು.

ಒಂದು ದಿನ ಆಕೆಯಿಂದ ಫೋನು. “ಇಂಡಿಯಾದ ಹುಡುಗನೊಬ್ಬ ನನ್ನ ಚೀಲ ನೋಡಿ ಅಂಗಡಿಯವರೆಗೂ ಹಿಂದೆಯೇ ಬಂದಿದ್ದಾನೆ. ನಿಮ್ಮ ಭಾಷೆಯಲ್ಲೇ ಏನೋ ಹೇಳ್ತಾನೆ, ಅರ್ಥ ಆಗ್ತಿಲ್ಲ. ನೀವೇ ಮಾತಾಡಿ.”

ಹುಡುಗ ಅಲ್ಲಿನ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ದಾವಣಗೆರೆ ಕಡೆಯವನು. “ಆಂಟಿ, ಏನೂ ತಪ್ಪು ತಿಳ್ಕೋಬೇಡ್ರಿ. ಈ ಊರಿಗೆ ಬಂದಾಗಿನಿಂದ ಒಬ್ಬರೂ ಹಿಂಗ ಕೇಳಿರಲಿಲ್ಲ. ಚೀಲ ಕೇಳ್ತು. ನನಗ ತಡಕೊಳ್ಳಾಕ ಆಗಲಿಲ್ಲ, ‘ಇಲ್ರಿ, ಇನ್ನೂ ಆಗಿಲ್ಲ’ ಅಂದೆ.”

ಅವನ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ, “ಕೇಳಿದ್ದು ನನ್ನ ಚೀಲ. ಅಂದ ಮೇಲೆ ಬಡಿಸೋದೂ ನಾನೇ” ಅಂತ ಅಂಗಡಿ ಮುಚ್ಚಿ, ಅವನನ್ನು ಮನೆಗೆ ಕರೆದುಕೊಂಡು ಹೋಗಿ ಮೆಕ್ಕೆಜೋಳದ ರೊಟ್ಟಿ, ಬೀನ್ಸು, ಕಡುಬಿನಂಥ ಸಿಹಿ ಎಲ್ಲ ಬಡಿಸಿದಳು.

ಅವನು ಹಾಸ್ಟೆಲಿಗೆ ಹೋಗಿ ಬಾಯಿ ಮುಚ್ಚಿಕೊಂಡಿರುತ್ತಾನೆಯೇ? ಮಾರನೆಯ ವಾರದಿಂದ ಮಧ್ಯಾಹ್ನವಾದರೆ ಸಾಕು, ಕನ್ನಡದ ಹುಡುಗರು ಅಂಗಡಿಯ ಗಾಜಿನ ಮುಂದೆ ಚೀಲ ಓದುತ್ತ ನಿಂತಿರುತ್ತಿದ್ದರು. ಓದಿದವರಿಗೆಲ್ಲ ಊಟ.

ಮತ್ತೆ ಫೋನು ಬಂತು. “ಚೀಲಗಳೆಲ್ಲ ಖಾಲಿ, ಇನ್ನಷ್ಟು ಬೇಕು. ಆದರೆ ಅಡುಗೆ ಆಗದ ದಿನ ಗಾಜಿನಲ್ಲಿಡೋಕೆ ಬೇರೆ ಮಾತಿನದೊಂದು ಚೀಲ ಮಾಡಿಕೊಡಿ. ‘ಇವತ್ತಲ್ಲ, ನಾಳೆ’ ಅನ್ನೋ ಹಾಗೆ, ಮರ್ಯಾದೆಯಾಗಿ.”

ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಕಳಿಸಿದೆ: ‘ನಾಳೆ ಬಾ.’

ನಮ್ಮೂರಲ್ಲಿ ಬಾಗಿಲ ಮೇಲೆ ಅದನ್ನು ಬರೆದರೆ ದೆವ್ವ ಕೂಡ ಓದಿಕೊಂಡು ವಾಪಸ್ ಹೋಗುತ್ತೆ. ಹುಡುಗರೂ ಓದಿಕೊಂಡು ವಾಪಸ್ ಹೋದರು.

ಮಾರನೆಯ ದಿನ ಸ್ನೇಹಿತರನ್ನೂ ಕರೆದುಕೊಂಡು ಬಂದರು.